ಎಷ್ಟು ಕೊಡುತ್ತೆ, ಎಷ್ಟಕ್ಕೆ ಹೋಗುತ್ತೆ

ಮನೆಗೆ ಸಣ್ಣ ಕಾರು ಬಂದ ದಿನ ಬೀದಿಯವರು ಕೇಳುವುದು ಎರಡೇ ಪ್ರಶ್ನೆ. ಪೇಡ ಬಾಯಿಗಿಡುವ ಮೊದಲು ‘ಎಷ್ಟು ಕೊಡುತ್ತೆ?’ ಪೇಡ ನುಂಗಿದ ಮೇಲೆ ‘ರೀಸೇಲ್ ಹೇಗೆ?’ ಬಾನೆಟ್ ಮೇಲಿನ ಸೇವಂತಿಗೆ ಹಾರ ಇನ್ನೂ ಬಾಡಿರುವುದಿಲ್ಲ, ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣು ಇನ್ನೂ ಒಣಗಿರುವುದಿಲ್ಲ, ಆಗಲೇ ಅದನ್ನು ಮಾರುವ ಮಾತು. ಬ್ರೇಕು ಚೆನ್ನಾಗಿ ಹಿಡಿಯುತ್ತದೆಯೇ ಎಂದು ಒಬ್ಬರೂ ಕೇಳುವುದಿಲ್ಲ. ಶುಭ ಗಳಿಗೆಯಲ್ಲಿ ಅಂಥದ್ದೆಲ್ಲ ಕೇಳಬಾರದು, ಅಪಶಕುನ.

‘ಎಷ್ಟು ಕೊಡುತ್ತೆ’ ಎಂಬುದು ನಾವು ದನದ ಜಾತ್ರೆಯಿಂದ ಹೊತ್ತು ತಂದ ಪ್ರಶ್ನೆ. ಎಮ್ಮೆ ಲೀಟರ್ ಲೆಕ್ಕದಲ್ಲಿ ಕೊಡುತ್ತಿತ್ತು, ಕಾರು ಲೀಟರ್ ಲೆಕ್ಕದಲ್ಲಿ ಕುಡಿಯುತ್ತದೆ. ಅಷ್ಟು ಸಣ್ಣ ವ್ಯತ್ಯಾಸಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಜನ ನಾವಲ್ಲ. ಮಾರುತಿ ಸುಜುಕಿಯವರು ಇದೇ ಪ್ರಶ್ನೆಯನ್ನು ಹಿಂದಿಯಲ್ಲಿ ಜಾಹೀರಾತಿನ ಘೋಷಣೆ ಮಾಡಿಕೊಂಡು ವರ್ಷಗಟ್ಟಲೆ ಟೀವಿಯಲ್ಲಿ ಕೇಳಿಸಿದರು. ನಮ್ಮನ್ನು ಗೇಲಿ ಮಾಡುತ್ತಿದ್ದಾರೆ ಎಂದು ನಮಗೆ ಅನಿಸಲಿಲ್ಲ. ಕೊನೆಗೂ ಯಾರೋ ನಮ್ಮನ್ನು ಅರ್ಥ ಮಾಡಿಕೊಂಡರು ಅನಿಸಿತು.

ಈ ‘ಕೊಡುವ’ ಅಂಕಿ ಎಲ್ಲಿಂದ ಬರುತ್ತದೆ ನೋಡಿ. 2021ರಲ್ಲಿ ಹೊಸ ಸೆಲೆರಿಯೊ ಬಂದಾಗ ಅದರ ಆಟೊಗೇರಿನ ಒಂದು ಮಾದರಿಗೆ ಲೀಟರಿಗೆ 26.68 ಕಿಲೋಮೀಟರ್ ಎಂದು ಕಂಪನಿ ಸಾರಿತು. 26 ಅಲ್ಲ, 27 ಅಲ್ಲ, 26.68. ಚಿನ್ನದಂಗಡಿಯ ತಕ್ಕಡಿಯಲ್ಲೂ ಇಷ್ಟು ನಾಜೂಕು ಕಾಣಿಸುವುದಿಲ್ಲ. ಯಾವ ರಸ್ತೆಯಲ್ಲಿ ಸಿಕ್ಕಿತು ಈ 26.68? ರಸ್ತೆಯಲ್ಲೇ ಅಲ್ಲ. ಪ್ರಯೋಗಾಲಯದ ಕೋಣೆಯಲ್ಲಿ ಕಾರಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ತಿರುಗಿಸುತ್ತಾರೆ. ಹೊಗೆಯನ್ನು ಚೀಲದಲ್ಲಿ ಹಿಡಿದು, ಅದರಲ್ಲಿರುವ ಇಂಗಾಲದ ಲೆಕ್ಕದ ಮೇಲೆ ಎಷ್ಟು ಪೆಟ್ರೋಲು ಸುಟ್ಟಿತೆಂದು ಕಂಡುಹಿಡಿಯುತ್ತಾರೆ. ಯುರೋಪಿನ ಹಳೆಯ ಪರೀಕ್ಷಾ ಕ್ರಮವೊಂದನ್ನು ನಮ್ಮ ದೇಶಕ್ಕೆಂದು ಸ್ವಲ್ಪ ತಿದ್ದಿಕೊಂಡಿದ್ದಾರೆ. ಅದರಲ್ಲಿ ವೇಗ ಗಂಟೆಗೆ 90 ಕಿಲೋಮೀಟರ್ ದಾಟುವುದಿಲ್ಲ, ಎ.ಸಿ. ಹಾಕುವುದಿಲ್ಲ, ಇಡೀ ಪರೀಕ್ಷೆ 20 ನಿಮಿಷದಲ್ಲಿ ಮುಗಿದು ಹೋಗುತ್ತದೆ. ಆ ಕೋಣೆಯಲ್ಲಿ ಹಂಪ್ ಇಲ್ಲ, ಗುಂಡಿ ಇಲ್ಲ, ರಾಂಗ್ ಸೈಡಿನಲ್ಲಿ ಬರುವ ನೀರಿನ ಟ್ಯಾಂಕರ್ ಇಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಇಲ್ಲ, ಡಿಕ್ಕಿಯಲ್ಲಿ ಊರಿಂದ ತಂದ ಅಕ್ಕಿಮೂಟೆ ಇಲ್ಲ, ಅದರ ಪಕ್ಕ ಹಲಸಿನಹಣ್ಣೂ ಇಲ್ಲ.

ನಮ್ಮ ಊರಿಗೆ ಬನ್ನಿ. ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕಿತ್ತು. ಸಣ್ಣ ಎಂಜಿನ್ ಆದರೂ ನಿಂತಲ್ಲಿ ನಿಂತೇ ಗಂಟೆಗೆ ಅರ್ಧ ಲೀಟರಿನ ಆಸುಪಾಸು ಕುಡಿಯುತ್ತದೆ, ಎ.ಸಿ. ಹಾಕಿದರೆ ಇನ್ನೂ ಹೆಚ್ಚು. ಸಿಲ್ಕ್ ಬೋರ್ಡಿನಲ್ಲಿ ಸಿಗ್ನಲ್ ಕಾಯುತ್ತಿರುವ ಕಾರಿನ ಮೈಲೇಜು ಗಣಿತದ ಪ್ರಕಾರ ಸೊನ್ನೆ. ಅದಕ್ಕೆ ಬೇಕಾದರೆ ದಶಾಂಶದ ಮುಂದೆ ಎರಡು ಅಂಕಿ ಸೇರಿಸಿಕೊಳ್ಳಿ.

ಇಷ್ಟೆಲ್ಲ ಗೊತ್ತಿದ್ದರೂ ಮದುವೆಮನೆಯ ಪಂಕ್ತಿಯಲ್ಲಿ ಮೈಲೇಜು ಇಳಿಯುವುದಿಲ್ಲ.

‘ನಿಮ್ದೆಷ್ಟು ಕೊಡುತ್ತೆ?’

‘ಹೈವೇಲಿ ಇಪ್ಪತ್ಮೂರು.’

‘ಬರೀ ಇಪ್ಪತ್ಮೂರಾ? ನಂದು ಎ.ಸಿ. ಹಾಕ್ಕೊಂಡೇ ಇಪ್ಪತ್ನಾಲ್ಕೂವರೆ!’

ಅಷ್ಟರಲ್ಲಿ ಮೂರನೆಯವರೊಬ್ಬರು, ಪಾಪ, ಸತ್ಯ ಹೇಳಿಬಿಡುತ್ತಾರೆ: ‘ನಂದು ಸಿಟೀಲಿ ಹದಿನಾಲ್ಕು.’ ಪಂಕ್ತಿ ಸ್ತಬ್ಧ. ಹೋಳಿಗೆ ಬಡಿಸುವವನೂ ಒಂದು ಕ್ಷಣ ನಿಲ್ಲುತ್ತಾನೆ. ಆಮೇಲೆ ಎಲ್ಲರೂ ಸೇರಿ ಆ ಮನುಷ್ಯನ ಚಾಲನೆ, ಕ್ಲಚ್ಚಿನ ಮೇಲೆ ಕಾಲಿಡುವ ಚಾಳಿ, ಹಾಕಿಸುವ ಬಂಕು, ಬಿಟ್ಟ ಸರ್ವಿಸ್ ಎಲ್ಲದರ ಶವಪರೀಕ್ಷೆ ನಡೆಸುತ್ತಾರೆ. ಮುಂದಿನ ಮದುವೆಯಲ್ಲಿ ಅವರೂ ಇಪ್ಪತ್ತೆರಡು ಎನ್ನುತ್ತಾರೆ. ಕಾರು ಅದೇ, ಕ್ಲಚ್ಚೂ ಅದೇ.

ನಮ್ಮ ಬಡಾವಣೆಯಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದಾರೆ. ಮೈಲೇಜಿನ ವಿಷಯದಲ್ಲಿ ಅವರು ಬಾಯಿಮಾತನ್ನು ನಂಬುವವರಲ್ಲ, ದಾಖಲೆ ಬೇಕು. ಗ್ಲವ್ ಬಾಕ್ಸಿನಲ್ಲಿ ಡೈರಿ ಇದೆ. ತಾರೀಖು, ಮೀಟರ್ ರೀಡಿಂಗ್, ಲೀಟರ್, ಬಂಕಿನ ಹೆಸರು, ಷರಾ. ಷರಾ ಕಾಲಮ್ಮಿನಲ್ಲಿ ‘ಮಳೆ’, ‘ಭಾವಮೈದುನ ಹಿಂದೆ ಕೂತಿದ್ದ’ ಎಂಬಂಥ ಟಿಪ್ಪಣಿಗಳು. ಬಂಕಿಗೆ ಹೋದರೆ ನಳಿಕೆ ತಾನಾಗಿ ‘ಟಕ್’ ಎಂದು ನಿಂತ ಮೇಲೂ ಇವರು ಬಿಡುವುದಿಲ್ಲ. ಕೆಳಗಿಳಿದು, ಕಾರಿನ ಟಾಪ್ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಾರೆ. ಒಳಗಿನ ಗಾಳಿ ಹೊರಗೆ ಬರಬೇಕು, ಇನ್ನೂರು ಎಂಎಲ್ ಒಳಗೆ ಹೋಗಬೇಕು, ಆಗಲೇ ಲೆಕ್ಕ ಶುದ್ಧ. ಟ್ಯಾಂಕಿನ ಆವಿಯನ್ನು ಹಿಡಿದಿಡಲು ಕಂಪನಿಯವರು ಇದ್ದಿಲಿನ ಡಬ್ಬಿಯೊಂದನ್ನು ಇಟ್ಟಿರುತ್ತಾರೆ. ಕತ್ತಿನವರೆಗೆ ತುಂಬಿಸಿದರೆ ಪೆಟ್ರೋಲು ಅದಕ್ಕೆ ನುಗ್ಗಿ ಡಬ್ಬಿ ಹಾಳಾಗಬಹುದು. ಆ ರಿಪೇರಿ ಖರ್ಚಿಗೆ ಡೈರಿಯಲ್ಲಿ ಕಾಲಮ್ಮಿಲ್ಲ.

ಬಂಕಿನ ಶಾಸ್ತ್ರಗಳಿಗೆ ಕೊನೆಯಿಲ್ಲ. ನೂರಕ್ಕೆ ಹಾಕಿಸಿದರೆ ಮೋಸ, ನೂರಾ ಹತ್ತಕ್ಕೆ ಹಾಕಿಸಿದರೆ ನ್ಯಾಯ. ಮೋಸ ಮಾಡುವ ಯಂತ್ರಕ್ಕೆ ನೂರರ ಮೇಲಿನ ಲೆಕ್ಕ ಬರುವುದಿಲ್ಲ ಎಂಬ ನಂಬಿಕೆ. ಬೆಳಗಿನ ಜಾವ ಹಾಕಿಸಿದರೆ ಪೆಟ್ರೋಲು ತಣ್ಣಗೆ, ಗಟ್ಟಿ. ಮಧ್ಯಾಹ್ನ ಹಾಕಿಸಿದರೆ ತೆಳ್ಳಗೆ. ಟ್ಯಾಂಕು ಇರುವುದು ನೆಲದಡಿಯಲ್ಲಿ, ಅಲ್ಲಿ ಹಗಲೂ ರಾತ್ರಿಯೂ ತಾಪ ಹೆಚ್ಚುಕಮ್ಮಿ ಒಂದೇ ಎಂದು ಹೇಳಲು ಹೋದರೆ ‘ನಿಮಗೆ ಪ್ರಾಕ್ಟಿಕಲ್ ಗೊತ್ತಿಲ್ಲ’ ಎನ್ನುತ್ತಾರೆ. ಸರಿ, ಐದು ಗಂಟೆಗೆ ಎದ್ದು ಹೋಗಲಿ, ಆರೋಗ್ಯಕ್ಕಾದರೂ ಒಳ್ಳೆಯದು.

ಆರೋಗ್ಯಕ್ಕೆ ಒಳ್ಳೆಯದಲ್ಲದ ಶಾಸ್ತ್ರ ಒಂದಿದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುವಾಗ ಕೆಲವರು ಗೇರು ನ್ಯೂಟ್ರಲ್ಲಿಗೆ ಹಾಕುತ್ತಾರೆ. ಇನ್ನೂ ಪಳಗಿದವರು ಎಂಜಿನ್ನನ್ನೇ ಆರಿಸುತ್ತಾರೆ. ‘ಇಳಿಜಾರಲ್ಲವಾ, ಬಿಟ್ಟಿ ಓಡುತ್ತೆ.’ ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲೇ ಇಳಿಯುವಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಪೆಟ್ರೋಲನ್ನು ತಾವೇ ನಿಲ್ಲಿಸುತ್ತವೆ. ಇಳಿಜಾರಿನ ತಳ್ಳಾಟಕ್ಕೇ ಎಂಜಿನ್ ತಿರುಗುತ್ತಿರುತ್ತದೆ. ನ್ಯೂಟ್ರಲ್ಲಿಗೆ ಹಾಕಿದ ಕೂಡಲೇ ಅದು ಆರದಂತೆ ಕಾಪಾಡಲು ಪೆಟ್ರೋಲು ಮತ್ತೆ ಶುರು. ಅಂದರೆ ಉಳಿಸಲು ಹೋದವರೇ ಹೆಚ್ಚು ಸುಡುತ್ತಾರೆ. ಎಂಜಿನ್ ಆರಿಸಿದವರಿಗೆ ಪೆಟ್ರೋಲು ಉಳಿಯುವುದೇನೋ ನಿಜ. ಆದರೆ ಬ್ರೇಕಿಗೆ ಬಲ ಕೊಡುವುದೂ ಅದೇ ಎಂಜಿನ್, ಅದು ಆರಿದರೆ ಸ್ಟೀರಿಂಗೂ ಭಾರವಾಗುತ್ತದೆ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲು ಕಲ್ಲಾಗುತ್ತದೆ. ಪಕ್ಕದಲ್ಲಿ ಕಣಿವೆ, ಎದುರಿಗೆ ಬಸ್ಸು, ಉಳಿತಾಯ ನೂರು ಎಂಎಲ್.

ಇಂಥ ಶ್ರದ್ಧೆಯ ಜನರ ಟ್ಯಾಂಕಿಗೆ ಸರ್ಕಾರ ಕಬ್ಬಿನ ರಸ ಸುರಿದದ್ದು ಇತ್ತೀಚಿನ ದುರಂತ. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿಯವರು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿಯಲ್ಲಿ. 2025ರ ಹೊತ್ತಿಗೆ ಅದು ಬಹುಪಾಲು ಎಲ್ಲ ಬಂಕುಗಳಲ್ಲೂ ಸಾಮಾನ್ಯವಾಯಿತು. ಲೀಟರ್ ಲೀಟರಿಗೆ ಹೋಲಿಸಿದರೆ ಎಥನಾಲಿನ ಕಸುವು ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಹಳೆಯ ಕಾರುಗಳ ಮೈಲೇಜು ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ಮಾರ್ಗಸೂಚಿ ಹೇಳಿತ್ತು. ಗದ್ದಲ ಎದ್ದ ಮೇಲೆ ಪೆಟ್ರೋಲಿಯಂ ಸಚಿವಾಲಯ ‘ಕೆಲವು ಕಾರುಗಳಲ್ಲಿ ಶೇ 1–2, ಉಳಿದವುಗಳಲ್ಲಿ ಶೇ 3–6, ಅಷ್ಟೇ’ ಎಂದಿತು. ಅಷ್ಟೇ! 26.68ರಲ್ಲಿ ಶೇ 6 ಎಂದರೆ ಒಂದೂವರೆ ಕಿಲೋಮೀಟರ್. ದಶಾಂಶದ ಎರಡು ಅಂಕಿಯನ್ನು ಮಗುವಿನಂತೆ ಕಾಪಾಡಿಕೊಂಡು ಬಂದವರ ಮುಂದೆ ಇಡಬೇಕಾದ ಮಾತೇ ಇದು? ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿಗೊಂದು ಗಿರಾಕಿ ಸಿಕ್ಕಿತು, ತೈಲದ ಆಮದು ಸ್ವಲ್ಪ ತಗ್ಗಿತು, ಅದು ಒಳ್ಳೆಯದೇ. ಆದರೆ ಕಸುವು ಕಡಿಮೆಯಾದ ಪೆಟ್ರೋಲಿನ ಬೆಲೆ ಕಸುವಿನ ಜತೆ ಇಳಿಯಲಿಲ್ಲ. ನಮ್ಮ ಬ್ಯಾಂಕಿನವರು ಡೈರಿಯ ಷರಾ ಕಾಲಮ್ಮಿನಲ್ಲಿ ಈಗ ‘ಕಬ್ಬು’ ಎಂದು ಬರೆಯುತ್ತಾರೆ.

ಅವರ ಡೈರಿಯಲ್ಲಿ ಇಲ್ಲದ ಲೆಕ್ಕವನ್ನು ನಾನು ಇಲ್ಲಿ ಹಾಕುತ್ತೇನೆ, ಬೇಸರವಿಲ್ಲದೆ ನೋಡಿ. ಶೋರೂಮ್ ಬೆಲೆ 6 ಲಕ್ಷದ ಒಂದು ಸಣ್ಣ ಕಾರು. ವರ್ಷಕ್ಕೆ 5,000 ಕಿಲೋಮೀಟರ್ ಓಡಾಟ; ನಮ್ಮಲ್ಲಿ ಗೇಟಿನೊಳಗೆ ಹೊದಿಕೆ ಹೊದ್ದು ಮಲಗುವ ಬಹಳಷ್ಟು ಕಾರುಗಳದ್ದು ಇಷ್ಟೇ. ಪೆಟ್ರೋಲು ಲೀಟರಿಗೆ 103 ರೂಪಾಯಿ ಎಂದು ಹಿಡಿಯೋಣ. ಲೀಟರಿಗೆ 18 ಓಡುವ ಕಾರಿಗೂ 22 ಓಡುವ ಕಾರಿಗೂ ವರ್ಷಕ್ಕೆ ಆಗುವ ಅಂತರ ಸುಮಾರು 50 ಲೀಟರ್, ಅಂದರೆ 5,200 ರೂಪಾಯಿ. ದಿನಕ್ಕೆ 14 ರೂಪಾಯಿ. ದರ್ಶಿನಿಯಲ್ಲಿ ಒಂದು ಕಾಫಿ ಬರುವುದೂ ಕಷ್ಟ. ಈ 14 ರೂಪಾಯಿಗಾಗಿ ಮೇ ತಿಂಗಳಲ್ಲಿ ಎ.ಸಿ. ಆರಿಸಿ, ಕಿಟಕಿ ಇಳಿಸಿ, ಹೆಂಡತಿ ಮಕ್ಕಳನ್ನು ಬೆವರಿಳಿಸುವುದು.

ಇನ್ನೊಂದು ಬದಿ ನೋಡಿ. ಅದೇ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ ಶೇ 14, ಅಂದರೆ 84,000 ರೂಪಾಯಿ, ಮೇಲೆ ಸೆಸ್ಸು ಬೇರೆ. ಮೇಲೆ ಹೇಳಿದ ಮೈಲೇಜಿನ ಉಳಿತಾಯ ಕಿಲೋಮೀಟರಿಗೆ 1 ರೂಪಾಯಿಯ ಚಿಲ್ಲರೆ. ಆ ಉಳಿತಾಯದಿಂದ ಬರೀ ಈ ತೆರಿಗೆ ದುಡ್ಡು ವಾಪಸು ಬರಬೇಕಾದರೆ 80,000 ಕಿಲೋಮೀಟರ್ ಓಡಿಸಬೇಕು. ವರ್ಷಕ್ಕೆ 5,000ದಂತೆ 16 ವರ್ಷ. ಕಾರಿನ ನೋಂದಣಿಯ ಆಯುಷ್ಯ 15 ವರ್ಷ. ಹದಿನಾರನೇ ವರ್ಷಕ್ಕೆ ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸಬೇಕು. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಇಲ್ಲಿಗೆ ಒಂದು ವರ್ಷದ ಮೈಲೇಜು ಸ್ವಾಹಾ.

ಸವಕಳಿಯ ಲೆಕ್ಕ ಹೇಳಿದರೆ ಬಿಪಿ ಏರುತ್ತದೆ, ಆದರೂ ಹೇಳುತ್ತೇನೆ. ವಿಮಾ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆಯಾಗಿ ಐಡಿವಿ ಎಂದು ಒಂದು ಅಂಕಿ ಇರುತ್ತದೆ, ಪ್ರೀಮಿಯಂ ನೋಡುವ ಭರದಲ್ಲಿ ಯಾರೂ ಅದನ್ನು ಓದುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಶೇ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50ರಷ್ಟು ಕತ್ತರಿ. 6 ಲಕ್ಷದ ಕಾರು ಐದು ವರ್ಷಕ್ಕೆ ಕಾಗದದ ಮೇಲೆ 3 ಲಕ್ಷ. ಅಂದರೆ ಕಾರು ಗೇಟಿನೊಳಗೆ ಹೊದಿಕೆಯಡಿ ನಿಂತಲ್ಲೇ ದಿನಕ್ಕೆ 164 ರೂಪಾಯಿ ನುಂಗುತ್ತಿದೆ, ಒಂದೂವರೆ ಲೀಟರ್ ಪೆಟ್ರೋಲಿಗಿಂತಲೂ ಹೆಚ್ಚು. ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಹದಿನಾಲ್ಕು ರೂಪಾಯಿಗೆ ಡೈರಿ ಇಟ್ಟವರು ನೂರಾ ಅರವತ್ತನಾಲ್ಕಕ್ಕೆ ಒಂದು ಚೀಟಿಯನ್ನೂ ಬರೆದಿಡುವುದಿಲ್ಲ. ಮೂವತ್ತು ವರ್ಷ ಬೇರೆಯವರ ಸಾಲಕ್ಕೆ ಬಡ್ಡಿ ಲೆಕ್ಕ ಹಾಕಿದ ಮಹನೀಯರಿಗೇ ಈ ಗತಿಯಾದರೆ ನಿಮ್ಮ ನನ್ನ ಪಾಡೇನು?

‘ಅದಕ್ಕೇ ರೀಸೇಲ್ ನೋಡಿ ತಗೊಳ್ಳೋದು’ ಎನ್ನುತ್ತಾರೆ ಅವರು. ಸರಿ, ಆ ಕತೆಗೇ ಬರೋಣ.

ಈ ರೀಸೇಲ್ ಎಂಬ ಭೂತ ನಮ್ಮ ಹೆಗಲೇರಿದ್ದು ಬರಗಾಲದ ದಿನಗಳಲ್ಲಿ. ಸ್ಕೂಟರಿಗೆ ವರ್ಷಗಟ್ಟಲೆ ಕಾಯಬೇಕಿತ್ತು, ಕಾರಿಗೂ ಕಾಯಬೇಕಿತ್ತು. ಕಾದು ಸಿಕ್ಕಿದ್ದನ್ನು ಬಳಸಿ ಮಾರಿದರೂ ಕೊಟ್ಟ ಬೆಲೆಗಿಂತ ಹೆಚ್ಚು ಸಿಗುತ್ತಿತ್ತು, ಏಕೆಂದರೆ ಹಿಂದೆ ಸಾಲು ನಿಂತಿರುತ್ತಿತ್ತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈಯನ್ನು ಇಂದಿರಾ ಗಾಂಧಿಯವರು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. ಅವರ ಹೆಸರು ಬಂದದ್ದೂ ಲಾಟರಿ ಎತ್ತಿ. ಆ ಮನುಷ್ಯ ನಮ್ಮ ಕುಲದ ಮೂಲಪುರುಷನಾಗಬೇಕಿತ್ತು, ಆದರೆ ಕುಲಕ್ಕೇ ಅಪವಾದವಾದರು. 2010ರಲ್ಲಿ ತೀರಿಕೊಳ್ಳುವವರೆಗೂ ಕಾರನ್ನು ಮಾರಲೇ ಇಲ್ಲ. ಅದನ್ನು ಆಮೇಲೆ ದುರಸ್ತಿ ಮಾಡಿಸಿ ಕಂಪನಿಯ ಮುಖ್ಯ ಕಚೇರಿಯಲ್ಲೇ ಪ್ರದರ್ಶನಕ್ಕಿಟ್ಟಿದ್ದಾರೆ. ಮೊದಲ ಗಿರಾಕಿ ಕಾರು ಕೊಂಡದ್ದು ಓಡಿಸುವುದಕ್ಕೆ. ಉಳಿದ ನಾವೆಲ್ಲ ಕೊಳ್ಳುತ್ತಿರುವುದು ಮಾರುವುದಕ್ಕೆ.

ಮಾರುವುದಕ್ಕೆ ಕೊಂಡ ಕಾರು ಹೇಗಿರುತ್ತದೆಂದರೆ, ಸೀಟಿನ ಮೇಲಿನ ಪ್ಲಾಸ್ಟಿಕ್ ಕವರು ಹಾಗೇ ಇರುತ್ತದೆ. ಬೇಸಿಗೆಯಲ್ಲಿ ಅದರ ಮೇಲೆ ಕೂತು ಎದ್ದರೆ ಅಂಗಿ ಹಿಂದೆಯೇ ಉಳಿಯುತ್ತದೆ. ಬಾಗಿಲಿನ ಒಳಮೈಗೆ ಅಂಟಿಸಿದ ಹಾಳೆ, ಸನ್‌ವೈಸರಿನ ಎಚ್ಚರಿಕೆ ಚೀಟಿ, ಸ್ಟೀರಿಯೊ ಮೇಲಿನ ತೆಳುಪೊರೆ ಯಾವುದನ್ನೂ ಕೀಳುವಂತಿಲ್ಲ. ಮಕ್ಕಳು ಒಳಗೆ ಚಕ್ಕುಲಿ ತಿನ್ನುವಂತಿಲ್ಲ. ಬಣ್ಣ ಬಿಳಿ. ಹೆಂಡತಿಗೆ ಕೆಂಪು ಇಷ್ಟ, ಮಗಳಿಗೆ ನೀಲಿ. ಮುಂದೆ ಕೊಳ್ಳುವವನಿಗೆ ಬಿಳಿ ಇಷ್ಟವಂತೆ. ಯಾರು ಅವನು? ಗೊತ್ತಿಲ್ಲ. ಎಲ್ಲಿದ್ದಾನೆ? ಗೊತ್ತಿಲ್ಲ. ಆದರೆ ಮನೆಯ ಮೂವರು ಒಂದು ಕಡೆ, ಅವನೊಬ್ಬ ಒಂದು ಕಡೆ, ಗೆಲ್ಲುವವನು ಅವನೇ. ಕಂತು ಕಟ್ಟುವವರು ನಾವು, ಕಾರು ಅವನದ್ದು. ನಾವು ಐದಾರು ವರ್ಷದ ಮಟ್ಟಿಗೆ ಅವನು ಸಂಬಳವಿಲ್ಲದೆ ಇಟ್ಟುಕೊಂಡ ಡ್ರೈವರು.

ಬ್ಯಾಂಕಿನವರ ಕಾರು ಮಾರುವ ದಿನ ನಾನೂ ಅಲ್ಲಿದ್ದೆ. ಅವರು ಗೇಟಿನ ಬಳಿ ಫೈಲು ಹಿಡಿದು ನಿಂತಿದ್ದರು. ಶೋರೂಮಿನ ಅಷ್ಟೂ ಸರ್ವಿಸ್ ಬಿಲ್ಲು, ಎರಡು ಕೀ, ಆ ಮಹಾ ಡೈರಿ. ಖರೀದಿಯವನು ಸ್ಕೂಟರಿನಲ್ಲಿ ಬಂದ. ಫೈಲು ನೋಡಲಿಲ್ಲ. ಬಾಗಿಲ ರಬ್ಬರು ಎಳೆದು ಒಳಗಿನ ಬೆಸುಗೆಯ ಚುಕ್ಕೆಗಳ ಮೇಲೆ ಬೆರಳಾಡಿಸಿದ. ಜೇಬಿನಿಂದ ಸಣ್ಣ ಮೀಟರ್ ತೆಗೆದು ಪೇಂಟಿನ ದಪ್ಪ ಅಳೆದ. ಎಡಗಡೆ ಹಿಂಬಾಗಿಲಿನ ಹತ್ತಿರ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ, ‘ಟಚಿಂಗ್ ಆಗಿದೆ ಸರ್’ ಎಂದ.

‘ಕಂಬಕ್ಕೆ ಸ್ವಲ್ಪ ತಾಗಿತ್ತು, ಅಷ್ಟೇ. ಒಳ್ಳೇ ಕಡೆ ಪೇಂಟ್ ಮಾಡ್ಸಿದೀನಿ.’

‘ಅದೇ ಸರ್, ಪೇಂಟ್ ಆಗಿದೆ ಅಂತ.’

‘ಸೀಟ್ ಕವರ್ ನೋಡಿ! ಪ್ಲಾಸ್ಟಿಕ್ಕೇ ತೆಗ್ದಿಲ್ಲ!’

‘ಅದು ನಮ್ಗೆ ಲೆಕ್ಕಕ್ಕಿಲ್ಲ ಸರ್. ಕಿತ್ತು ಬಿಸಾಕಿ ಹೊಸ ಕವರ್ ಹಾಕ್ತೀವಿ. ಪಾರ್ಟಿಗೆ ಡಿಸೈನ್ ಬೇಕು.’

ಆ ಗಳಿಗೆಯಲ್ಲಿ ಅವರ ಮುಖ ನೋಡಲಾಗಲಿಲ್ಲ. ಅಷ್ಟು ವರ್ಷ ಆ ಪ್ಲಾಸ್ಟಿಕ್ಕಿನ ಮೇಲೆ ಜಾರಿ ಜಾರಿ ಕೂತ ಮನೆಯೊಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಏನೂ ಹೇಳಲಿಲ್ಲ, ಒಳಗೆ ಹೋಗಿ ಮಿಕ್ಸಿ ಹಾಕಿದರು. ಬಹಳ ಹೊತ್ತು ಹಾಕಿದರು.

ಮೀಟರ್ ರೀಡಿಂಗ್ ಕೂಡ ಅವನಿಗೆ ಲೆಕ್ಕಕ್ಕಿರಲಿಲ್ಲ. ಓಡಾಟ ಕಡಿಮೆಯೆಂದು ಇವರು ಎದೆಯುಬ್ಬಿಸಿ ಹೇಳಿದರೆ ಅವನು ‘ಎಲ್ರೂ ಹಂಗೇ ಅಂತಾರೆ ಸರ್’ ಎಂದುಬಿಟ್ಟ. ಸೆಕೆಂಡ್‌ಹ್ಯಾಂಡ್ ಲೋಕದಲ್ಲಿ ಕಾರುಗಳು ಓಡುವುದೇ ಇಲ್ಲ. ಎಲ್ಲವೂ ಸಿಂಗಲ್ ಓನರ್, ಎಲ್ಲವೂ ಡಾಕ್ಟರದ್ದು, ಭಾನುವಾರ ದೇವಸ್ಥಾನಕ್ಕೆ ಮಾತ್ರ ಹೋಗಿ ಬಂದದ್ದು. ಮೀಟರನ್ನು ಹಿಂದಕ್ಕೆ ತಿರುಗಿಸುವ ಪರಿಣತರು ಇರುವ ಊರಿನಲ್ಲಿ ನಿಜವಾಗಿ ಓಡಿಸದೇ ಇಟ್ಟವರಿಗೆ ಬಹುಮಾನವಿಲ್ಲ. ಆರು ವರ್ಷ ಕಾರನ್ನು ಗೇಟಿನೊಳಗೆ ಕೂಡಿಟ್ಟು ಆಟೊದಲ್ಲಿ ಓಡಾಡಿದ ತಪಸ್ಸು, ಸಂಜೆ ಒಂದು ಲ್ಯಾಪ್‌ಟಾಪು ಹಿಡಿದು ಕೂತವನಿಗೆ ಹತ್ತು ನಿಮಿಷದ ಕೆಲಸ.

ಇದಕ್ಕೆಲ್ಲ ಕಲಶವಿಟ್ಟದ್ದು ದೆಹಲಿ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಸಭೆ ಸೇರಿ ಸಣ್ಣ ಕಾರಿನ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಿತು, ಮೇಲಿನ ಸೆಸ್ಸೂ ಹೋಯಿತು. ಜಾರಿಗೆ ಬಂದದ್ದು 22ಕ್ಕೆ, ಚಾಮುಂಡಿಬೆಟ್ಟದಲ್ಲಿ ಲೇಖಕಿ ಬಾನು ಮುಷ್ತಾಕ್ ಅವರು ದಸರಾ ಉದ್ಘಾಟಿಸಿದ ದಿನವೇ. ತೆರಿಗೆ ಇಳಿಕೆ, ಕಂಪನಿಯ ರಿಯಾಯಿತಿ ಎರಡೂ ಸೇರಿ ಆಲ್ಟೊ ಕೆ10 ಬೆಲೆ 1 ಲಕ್ಷಕ್ಕೂ ಮೀರಿ ಇಳಿಯಿತು, ಎಸ್‌-ಪ್ರೆಸ್ಸೊ ಬೆಲೆ 1.29 ಲಕ್ಷದವರೆಗೆ. ಹೊಸದರ ಬೆಲೆಯೇ ಲಕ್ಷ ಬಿದ್ದ ಮೇಲೆ ಹಳೆಯದನ್ನು ಯಾರು ಮೂಸುತ್ತಾರೆ? ಪ್ಲಾಸ್ಟಿಕ್ ಕವರು, ಬಿಳಿ ಬಣ್ಣ, ಕೂಡಿದರೆ ಒಂಬತ್ತು ಬರುವ ನಂಬರು, ಎಲ್ಲ ಸೇರಿ ಕಾಪಾಡಿದ ರೀಸೇಲು ಒಂದೇ ಸಭೆಯ ನಿರ್ಣಯಕ್ಕೆ ಮಕಾಡೆ ಮಲಗಿತು. ಬೆಲೆ ಇಳಿಯಿತೆಂದು ಹೊಟ್ಟೆ ಉರಿದುಕೊಂಡವರನ್ನು ನಾನು ಕಂಡದ್ದು ಆಗಲೇ.

ಹಾಗಾದರೆ ಅಗ್ಗದ ಕಾರು, ಒಳ್ಳೆಯ ಮೈಲೇಜು ಎರಡೂ ಸಿಕ್ಕರೆ ನಾವು ಸುಖಿಗಳೇ? ಅದೂ ಸಿಕ್ಕಿತ್ತು. ಮಳೆಯಲ್ಲಿ ಸ್ಕೂಟರಿನ ಮೇಲೆ ನೆನೆಯುತ್ತ ಹೋಗುತ್ತಿದ್ದ ಸಂಸಾರವೊಂದನ್ನು ನೋಡಿ ರತನ್ ಟಾಟಾ ನ್ಯಾನೊ ಮಾಡಿಸಿದರು. 2009ರಲ್ಲಿ ಲಕ್ಷ ರೂಪಾಯಿಯ ಕಾರೆಂದು ಬಿಡುಗಡೆಯಾಯಿತು, ಮೈಲೇಜೂ ಲೀಟರಿಗೆ 23ರ ಮೇಲೆ. ನಾವು ಹತ್ತಲಿಲ್ಲ. ‘ಅತಿ ಅಗ್ಗದ ಕಾರು’ ಎಂದು ಹೆಸರಾದದ್ದೇ ತಪ್ಪಾಯಿತು ಎಂದು ಟಾಟಾ ಅವರೇ ಆಮೇಲೆ ಒಪ್ಪಿಕೊಂಡರು. ಕಾರು ಅಗ್ಗವಿರಬೇಕು, ಆದರೆ ಅಗ್ಗವೆಂದು ಬೀಗರಿಗೆ ಗೊತ್ತಾಗಬಾರದು. ಈಗ ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿ ಪಂಗಡದವು. ಅವುಗಳಲ್ಲೂ ಎಷ್ಟೋ ಗಾಡಿಗಳು ತೆರಿಗೆ ರಿಯಾಯಿತಿಗಾಗಿ 4 ಮೀಟರಿನೊಳಗೆ ಮೈ ಮುದುಡಿಕೊಂಡ ಸಣ್ಣ ಕಾರುಗಳೇ, ಎದೆ ಮಾತ್ರ ಉಬ್ಬಿಸಿಕೊಂಡಿವೆ. ನಮ್ಮ ಬ್ಯಾಂಕಿನವರು ಕೊಂಡದ್ದೂ ಅಂಥದ್ದನ್ನೇ. ಎಷ್ಟು ಕೊಡುತ್ತೆ ಎಂದು ಕೇಳಿದರೆ ಈಗ ‘ಸೇಫ್ಟಿ ಇದೆ’ ಎನ್ನುತ್ತಾರೆ.

ಸೇಫ್ಟಿ ಎಂಬ ಶಬ್ದ ಅವರ ಬಾಯಲ್ಲಿ ಕೇಳಿ ನನಗೆ ರೋಮಾಂಚನವಾಯಿತು. 2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನವರು ನಮ್ಮ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗೋಡೆಗೆ ಗುದ್ದಿಸಿ ನೋಡಿದ್ದರು: ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಐದಕ್ಕೂ ಸೊನ್ನೆ ನಕ್ಷತ್ರ. ಪತ್ರಿಕೆಗಳಲ್ಲಿ ಫೋಟೊ ಸಮೇತ ಬಂತು. ಅದಾದ ಮೇಲೂ ಆಲ್ಟೊ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಕಾರಾಗಿಯೇ ಮುಂದುವರಿಯಿತು. ಆಗ ಏರ್‌ಬ್ಯಾಗ್ ಬೇಕೆಂದರೆ ಹಲವು ಕಾರುಗಳಿಗೆ ಹೆಚ್ಚಿಗೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬಹುದಿತ್ತು. ಜನ ಆ ದುಡ್ಡಿಗೆ ಅಲಾಯ್ ಚಕ್ರ, ಮ್ಯೂಸಿಕ್ ಸಿಸ್ಟಮ್ ಹಾಕಿಸಿದರು, ಏಕೆಂದರೆ ಏರ್‌ಬ್ಯಾಗಿಗೆ ರೀಸೇಲ್ ಇರಲಿಲ್ಲ. ಕೊನೆಗೆ 2019ರಲ್ಲಿ ಚಾಲಕನ ಏರ್‌ಬ್ಯಾಗ್ ಕಾನೂನಿನಿಂದ ಕಡ್ಡಾಯವಾಯಿತು. ಪಕ್ಕದಲ್ಲಿ ಕೂತವರದ್ದು ಕಡ್ಡಾಯವಾಗಲು ಇನ್ನೂ ಎರಡು ವರ್ಷ ಬೇಕಾಯಿತು. ಪಕ್ಕದಲ್ಲಿ ಸಾಮಾನ್ಯವಾಗಿ ಯಾರು ಕೂರುತ್ತಾರೆ ಎಂಬುದು ನಿಮಗೇ ಗೊತ್ತು.

ಇಷ್ಟು ಓದಿದ ಮೇಲೂ ‘ಅದೆಲ್ಲ ಇರ್ಲಿ, ಮೈಲೇಜ್ ಜಾಸ್ತಿ ಬರೋಕೆ ಏನ್ಮಾಡ್ಬೇಕು ಹೇಳಿ’ ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಡಿಕ್ಕಿಯಲ್ಲಿ ಕಳೆದ ಬೇಸಿಗೆಯಿಂದ ಮಲಗಿರುವ ಗೋಣಿಚೀಲ ಇಳಿಸಿ. ಮುಂದಿನ ಸಲ ಬಂಕಿನಲ್ಲಿ ಕಾರನ್ನು ಅಲ್ಲಾಡಿಸುವ ಹೊತ್ತಿನಲ್ಲಿ ಮೂಲೆಯ ಗಾಳಿ ಯಂತ್ರದ ಕಡೆ ನಾಲ್ಕು ಹೆಜ್ಜೆ ಹೋಗಿ. ಚಾಲಕನ ಬಾಗಿಲು ತೆರೆದರೆ ಪಕ್ಕದಲ್ಲೇ ಚೀಟಿ ಅಂಟಿಸಿರುತ್ತದೆ, ಅದರಲ್ಲಿ ಬರೆದಷ್ಟು ಗಾಳಿ ನಾಲ್ಕೂ ಟೈರಿಗೆ ಹಿಡಿಸಿ, ಸ್ಟೆಪ್ನಿಗೂ ಹಿಡಿಸಿ. ಗಾಳಿ ಕಡಿಮೆಯಿದ್ದರೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಟೈರೂ ಬೇಗ ಸವೆಯುತ್ತದೆ. ದುಡ್ಡು ಕೇಳಿದರೆ ಕೊಡಬೇಡಿ, ಪೆಟ್ರೋಲ್ ಬಂಕಿನಲ್ಲಿ ಗಾಳಿ ಬಿಟ್ಟಿಯಾಗಿ ಹಾಕಬೇಕೆಂಬುದು ನಿಯಮ.